ಅಧಿಕಪ್ರಸಂಗ

ಮಾರಿಕುಪ್ಪದಲ್ಲಿ ರೈಲಿಳಿದಾಗಲೇ
ಅವನ ಕರಿಕೋಟಿನ ಕಂಕುಳು ಹರಿದಿತ್ತು.
ಯಾರೂ ನೋಡಲಿಲ್ಲ. ಅಮ್ಮ ನೋಡಿದ್ದಳು.
ರೆವರೆಂಡ್ ಜೋಸೆಫಸ್. ಅಮೆರಿಕಾದಲ್ಲಿ ಓದಿದವನಂತೆ.
ಫಿಲಡೆಲ್ಫಿಯಾ ಅನ್ನುವಾಗ ನಾಲಿಗೆ ಎರಡು ಸಲ ಎಡವಿ
ಮೂರನೆಯದಕ್ಕೆ ದಾಟುತ್ತಿತ್ತು.

ಲೈನ್ ಮನೆಗಳ ನಡುವಿನ ತಗಡಿನ ದೇವಾಲಯಕ್ಕೆ
ಆ ವರ್ಷ ಅಯ್ಯನೋರಿರಲಿಲ್ಲ.
ಖಾಲಿ ಕುರ್ಚಿಗೆ ಕೂರುವವನು ಬಂದೇ ಬರುತ್ತಾನೆ.

ಎರಡು ಭಾನುವಾರ ಪ್ರಸಂಗ ಮಾಡಿದ.
ಪ್ರತಿ ಮಾತಿಗೂ ಮುಂಚೆ ಒಂದು ಕೆಮ್ಮು,
ಬಾವಿಯ ತಳಕ್ಕೆ ಕೊಡ ತಾಗಿದ ಹಾಗೆ.
'ಖ್ಖೊ... ಪ್ರಿಯ ಸಹೋದರರೇ,
ನಿಮ್ಮ ಕೈಗೆ ಬಂಗಾರ ಅಂಟಲಿಲ್ಲ, ಅದು ಕೃಪೆ.
ಖ್ಖೊ... ಅಂಟಿದ್ದರೆ, ಈ ತಟ್ಟೆಗೆ ಒರೆಸಿಬಿಡಿ.'
ಗಂಟೆ ತರಿಸಲು ಚಂದಾ ಎತ್ತಿದ.
ಒಂದು ಮಗುವಿಗೆ ನೀರು ಚಿಮುಕಿಸಿದ.
ಒಂದು ಮದುವೆ ಮಾಡಿಸಿದ.
ಮೂರನೇ ಭಾನುವಾರ ಗಂಟೆಯೂ ಇಲ್ಲ, ಅವನೂ ಇಲ್ಲ.
ಪೀಠದ ಮೇಲೆ ಬಿಟ್ಟುಹೋದ ಕರಿರಟ್ಟಿನ ಪುಸ್ತಕ ಬಿಡಿಸಿದರೆ
ರೈಲ್ವೆ ವೇಳಾಪಟ್ಟಿ.
ಚಿಂತಾಮಣಿಯಲ್ಲಿ ಸೋಡಾ ಅಂಗಡಿ ಇಟ್ಟಿದ್ದವನಂತೆ.

ಆ ಮದುವೆ ನಮ್ಮಪ್ಪ ಅಮ್ಮನದು.

ಕೋಲಾರದಿಂದ ಅಸಲಿ ಅಯ್ಯನೋರು ಬಂದು
ಇನ್ನೊಮ್ಮೆ ಮಾಡೋಣ ಅಂದರು. ಅಮ್ಮ ಒಪ್ಪಲಿಲ್ಲ.
'ಹೌದು ಅಂದವಳು ನಾನು. ಕೋಟು ಯಾರದಾದರೇನು?'
ಜಗಳ ಹತ್ತಿದಾಗ ಮಾತ್ರ ಸೌಟು ಕುಕ್ಕುತ್ತಿದ್ದಳು:
'ನಮ್ಮದೂ ಒಂದು ಮದುವೆಯಾ? ಗೋಲಿ ಸೋಡಾ!
ಸದ್ದಾಯ್ತು, ಗ್ಯಾಸು ಹೋಯ್ತು.'

ಅಪ್ಪ ಭೂಮಿಯೊಳಗೆ, ಬುತ್ತಿ ಬಿಚ್ಚುವ ಹೊತ್ತು,
ಅದಿರಿನ ತೊಟ್ಟಿ ಬೋರಲು ಹಾಕಿ ಮೇಲೆ ಹತ್ತಿ
ಅವನೇ ಆಗಿಬಿಡುತ್ತಿದ್ದ.
'ಖ್ಖೊ... ಬಂಗಾರಪೇಟೆಯು ಕೋರಮಂಡಲನನ್ನು ಪಡೆದನು,
ಕೋರಮಂಡಲನು ಉರಿಗಾಮನನ್ನು ಪಡೆದನು,
ಉರಿಗಾಮನು ಚಾಂಪಿಯನ್ನನನ್ನು,
ಚಾಂಪಿಯನ್ನನು ಮಾರಿಕುಪ್ಪನನ್ನು.
ಮಾರಿಕುಪ್ಪನು ಯಾರನ್ನೂ ಪಡೆಯಲಿಲ್ಲ,
ಹಳಿ ಅಲ್ಲಿಗೇ ಮುಗಿದಿತ್ತು. ಆಮೆನ್.'
ಚಿಕ್ಕಮುನಿಯ ನಕ್ಕು ನಕ್ಕು
ಮುದ್ದೆ ನೆತ್ತಿಗೇರಿಸಿಕೊಳ್ಳುತ್ತಿದ್ದ.

ಕಲ್ಲು ಸಿಡಿದ ದಿನ ಒಳಗೆ ಐದು ಜನ, ಒಂದು ದೀಪ.
ಆಮೇಲೆ ದೀಪವೂ ಇಲ್ಲ.
ಜಕರಯ್ಯ ಪರಲೋಕದ ತಂದೆಯೇ ಎಂದು ಶುರುಮಾಡಿ
ರೊಟ್ಟಿಯ ಹತ್ತಿರ ಮರೆತು ನಿಂತ.
ಯಾರೋ ಅಂದರು: 'ಜ್ಞಾನಪ್ಪಾ, ಆ ಕಳ್ಳನದು ಹೇಳು.'
ಅಪ್ಪ ಹೇಳಿದ. ಈ ಸಲ ಅವಸರ ಮಾಡಲಿಲ್ಲ.
ಒಂದೊಂದು ಸ್ಟೇಷನ್ನಿನಲ್ಲೂ ನಿಲ್ಲಿಸಿ
ಯಾರು ಹತ್ತಿದರು, ಕೈಲಿ ಏನಿತ್ತು,
ಯಾರ ಹೆಂಡತಿ ಕಾಯುತ್ತಿದ್ದಳು, ಎಲ್ಲ ಹೇಳಿದ.
ಕೊನೆಗೆ ತಟ್ಟೆ ಎಂದು ಟೋಪಿ ದಾಟಿಸಿದ.
ಟಣ್, ಟಣ್: ಹಾಜರಿಯ ಹಿತ್ತಾಳೆ ಬಿಲ್ಲೆಗಳು.
ತನ್ನದೂ ಸೇರಿ ಐದಾಗಬೇಕಿತ್ತು.
ನಾಲ್ಕು ಸದ್ದು ಕೇಳಿಸಿತು.
ಚಿಕ್ಕಮುನಿಯಾ, ಅಂದ. ಟೋಪಿ ಹಿಡಿದೇ ಕೂತಿದ್ದ,
ಮೇಲಿನವರು ಬಂದು ಕೊರೆಯುವ ತನಕ.

ಆಮೇಲೆ ಅಣಕ ಬಿಟ್ಟ. ಕೆಮ್ಮು ಅವನನ್ನು ಬಿಡಲಿಲ್ಲ.
ಮೊದಮೊದಲು ನಾವು ಮಕ್ಕಳು ನಗುತ್ತಿದ್ದೆವು,
ಪ್ರಿಯ ಸಹೋದರರೇ ಈಗ ಬರುತ್ತದೆಂದು.
ಕಂಪನಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು
ಎದೆಯೊಳಗಿನ ಕಲ್ಲುಹುಡಿ ತೋರಿಸಿದರು,
ಅಲ್ಲೇನೂ ಹೊಳೆಯುತ್ತಿರಲಿಲ್ಲ.

ಮಣ್ಣು ಮಾಡಿದ ದಿನ ಬಂದ ಅಯ್ಯನೋರು ಅಸಲಿ.
ಪ್ರಕಟನೆಯಿಂದ ಓದಿದರು. ಫಿಲಡೆಲ್ಫಿಯಾ ಬಂತು,
ಒಂದೇ ನೆಗೆತಕ್ಕೆ ದಾಟಿದರು.
ಅಮ್ಮ ನನ್ನ ಕಿವಿಗೆ ಬಗ್ಗಿ ಅಂದಳು:
'ನೋಡು, ಕೋಟು ಎಲ್ಲೂ ಹರಿದಿಲ್ಲ.'
ಮೆಚ್ಚಿಗೆಯೋ ದೂರೋ ಗೊತ್ತಾಗಲಿಲ್ಲ.
ತಟ್ಟೆ ಬಂದಾಗ ಸೆರಗಿನ ಗಂಟು ಬಿಚ್ಚಿ
ಅಪ್ಪನ ಬಿಲ್ಲೆ ತೆಗೆದಳು,
ನಂಬರು ಒಮ್ಮೆ ಓದಿಕೊಂಡು
ಮತ್ತೆ ಗಂಟು ಹಾಕಿದಳು.